ಚಾಪೆ ತರದ ದಾಯಾದಿಗೆ

ಬಂದರು ನೌಕರರ ನಿವೃತ್ತಿ ನಿಧಿಯ ಸಲಹಾಧಿಕಾರಿಗಳಾದ ಮಾನ್ಯರೇ,

ನನ್ನ ಗಂಡ ಅಲಪಾತಿ ಸತ್ತು ಆರು ವಾರವಾಯಿತು. ಮೂವತ್ತೊಂದು ವರ್ಷ ಸಲೆಲೊಲೊಗಾ ಬಂದರಿನಲ್ಲಿ ಹಡಗಿನ ಹಗ್ಗ ಕಟ್ಟಿ ಅವರು ಕೂಡಿಸಿದ್ದ ಐವತ್ತೆಂಟು ಸಾವಿರ ತಾಲಾ ಹಣದಲ್ಲಿ ನಮಗೆ ನಾಲ್ಕು ತಿಂಗಳ ಪಿಂಚಣಿ ಬಂತು, ಉಳಿದದ್ದೆಲ್ಲ ನಿಮಗೆ. ಇಷ್ಟು ಲಾಭದ ಸಾವು ನಮ್ಮ ದ್ವೀಪದಲ್ಲಿ ಆಗಿರಲಿಲ್ಲ. ಅಭಿನಂದನೆಗಳು.

ಚರ್ಚಿನ ಹಜಾರದಲ್ಲಿ ನೀವು ನಡೆಸಿದ ಸಭೆ ನೆನಪಿರಬಹುದು. "ನಮ್ಮೋರು ಹೆಣಗಳಿಗೆ ಸುರಿಯೋ ದುಡ್ಡಲ್ಲಿ ಒಂದು ಹಡಗೇ ಕೊಳ್ಳಬಹುದಿತ್ತು" ಎಂದಿರಿ. ನಾವೂ ನಕ್ಕೆವು. ಸುಳ್ಳೇನಿದೆ? ಸಮೋವಾದಲ್ಲಿ ಯಾರ ಮನೆಯಲ್ಲಿ ಸಾವಾದರೂ ಬಂಧುಗಳು ತಿಂಗಳುಗಟ್ಟಲೆ ನೇಯ್ದ ಬೆಲೆಬಾಳುವ ಚಾಪೆ, ಡಬ್ಬಿ ಮೀನು, ಹಣದ ಲಕೋಟೆ ಒಯ್ಯಲೇಬೇಕು. ಅಲಪಾತಿಗೆ ಇಲ್ಲ ಎನ್ನಲು ಬಾರದು, ಸುಳ್ಳಂತೂ ಬಾಯಿಗೇ ಬಾರದು. ಹಾಗಾಗಿ ನಿಮ್ಮ ಮೇಜಿನ ಮುಂದೆ ಕುಳಿತು, "ಗಂಟು ಕೈಗೆ ಕೊಡಬೇಡಿ ಸಾರ್. ಕೈಯಲ್ಲಿದ್ರೆ ಇಲ್ಲ ಅನ್ನೋಕಾಗಲ್ಲ" ಎಂದರು.

"ಹಾಗಾದ್ರೆ ಇದು ತಗೊಳ್ಳಿ. ನೀವಿರೋವರೆಗೂ ತಿಂಗಳಿಗೆ ನಾನೂರ ಹತ್ತು. ನಿಮ್ಮ ನಂತರ ಹೆಂಡ್ತಿಗೂ ಬರಬೇಕಂದ್ರೆ ತಿಂಗಳಿಗೆ ತೊಂಬತ್ತು ಕಮ್ಮಿ" ಎಂದಿರಿ.

ಅವರು ನನ್ನ ಕಡೆ ತಿರುಗಿದರು. "ಫುವಾತಿನೊ, ನಿನ್ನ ಬಿಟ್ಬಿಡೋದಾ?"

"ಯೋಚ್ನೆ ಯಾಕಮ್ಮ, ಗುಂಡ್ಕಲ್ಲಿದ್ದಂಗೆ ಇದ್ದಾರೆ" ಎಂದಿರಿ ನೀವು, ನಾಡಿ ಹಿಡಿದು ನೋಡಿದ ವೈದ್ಯರಂತೆ.

"ಹಾಕ್ರೀ ಸೈನು. ನಿಮಗಿಂತ ಮೊದ್ಲು ನಾನೇ ಹೋಗ್ತೀನಿ" ಎಂದೆ ನಾನು. ನನ್ನ ನಾಲಗೆ ಅಲ್ಲೇ ಬಿದ್ದುಹೋಗಬೇಕಿತ್ತು.

ನಿಮ್ಮ ಪಾಠವನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಚಿಕ್ಕಪ್ಪನ ಮಗ ಮಿಕಾಯೆಲೆ ಸತ್ತಾಗ ಜೀವನದಲ್ಲಿ ಮೊದಲ ಬಾರಿಗೆ ಬರಿಗೈಯಲ್ಲಿ ಹೋಗಿ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತು ಬಂದರು. ಅಂದು ಅನ್ನ ನೀರು ಮುಟ್ಟಲಿಲ್ಲ. ಮೂರು ವಾರಕ್ಕೆ ಹಿತ್ತಿಲಲ್ಲಿ ತಾರೊ ಗೆಡ್ಡೆ ಅಗೆಯುತ್ತಿದ್ದವರು ಎದೆ ಹಿಡಿದು ಕುಸಿದರು.

ಮೊದಲು ಓಡಿ ಬಂದವಳು ಅದೇ ಮಿಕಾಯೆಲೆಯ ಹೆಂಡತಿ ಸಿಯೆನಿ. ತನ್ನ ಮನೆಯ ಅತಿ ದೊಡ್ಡ ಚಾಪೆಯನ್ನು ಅವರ ಮೇಲೆ ಹೊದಿಸಿದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. "ಭಾವ ಬರಿಗೈಲಿ ಬಂದ್ರೂ ಬಂದಿದ್ರಲ್ಲಕ್ಕಾ" ಎಂದಳು. ಆಮೇಲೆ ಊರೆಲ್ಲ ಬಂತು. ಊರಿನವರು ತಂದ ಡಬ್ಬಿ ಮೀನನ್ನೇ ನಾನು ಇವತ್ತಿಗೂ ತಿನ್ನುತ್ತಿದ್ದೇನೆ. ನೀವು ಹಾಳೆಂದ ಹಣ ನನ್ನ ತಟ್ಟೆಗೆ ಮರಳಿ ಬಂದಿದೆ. ಸುಭದ್ರವೆಂದ ಹಣ ನಿಮ್ಮಲ್ಲಿ ಸುಭದ್ರವಾಗಿದೆ. ನಿಮ್ಮಿಂದ ಬಂದದ್ದು ಒಂದು ಪತ್ರ: ಸಂತಾಪಕ್ಕೆ ಒಂದು ಸಾಲು, ಸತ್ತ ನಂತರದ ಹನ್ನೊಂದು ದಿನದ ಪಿಂಚಣಿ ಹಿಂದಿರುಗಿಸಿ ಎನ್ನಲು ಆರು ಸಾಲು.

ಉಳಿದ ಗಂಟನ್ನು ನನಗೆ ಕೊಡಿ. ನಿಯಮ ಒಪ್ಪುವುದಿಲ್ಲ ಎನ್ನುವಿರಿ, ಗೊತ್ತು. ಹಾಗಿದ್ದರೆ ನಮ್ಮ ನಿಯಮವನ್ನೂ ಕೇಳಿ. ಸತ್ತವನ ಆಸ್ತಿ ಪಡೆದವನು ದಾಯಾದಿ. ದಾಯಾದಿಯಾದವನು ಚಾಪೆ ತರಬೇಕು. ಬರುವ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ, ಇಡೀ ಊರು ನೋಡುವಂತೆ, ಹೆಗಲ ಮೇಲೆ ಚಾಪೆ ಹೊತ್ತು ನನ್ನ ಮನೆಗೆ ನಡೆದು ಬನ್ನಿ. ಅದಕ್ಕೂ ನಿಧಿಯಲ್ಲಿ ಅವಕಾಶವಿಲ್ಲವಾದರೆ ಬರಿಗೈಯಲ್ಲಾದರೂ ಬನ್ನಿ. ಬರಿಗೈಯಲ್ಲಿ ಬಂದವರು ಹೇಗೆ ಕೂರಬೇಕೆಂದು ನನ್ನ ಗಂಡನನ್ನು ನೋಡಿ ನಾನು ಕಲಿತಿದ್ದೇನೆ, ತೋರಿಸಿಕೊಡುತ್ತೇನೆ.

ಇಂತಿ,
ತಿಂಗಳಿಗೆ ತೊಂಬತ್ತು ತಾಲಾ ಉಳಿಸಿಕೊಂಡ ಜಾಣೆ,
ಫುವಾತಿನೊ