ಹೆಸರು ತುಂಬಿ, ಅಳು ಕೇಳಿ

ಮಾನ್ಯ ವಸ್ತುಸಂಗ್ರಹಾಲಯ ನಿರ್ದೇಶಕರೇ,

ನನ್ನ ಅಮ್ಮ ತೀರಿಕೊಂಡು ತಿಂಗಳಾಗುತ್ತಾ ಬಂತು. ನಿಮ್ಮ ಪರದೆಯ ಮೇಲೆ ಇನ್ನೂ ಅಳುತ್ತಿದ್ದಾಳೆ. ಅವಳ ಧ್ವನಿಮುದ್ರಣವನ್ನು, ನೀವು ಕತ್ತರಿ ಆಡಿಸುವ ಮೊದಲು ಇದ್ದ ಹಾಗೆಯೇ ಕೊಡಿ ಎಂದು ಕೇಳಿದೆ. "ಅನಗತ್ಯ ಶಬ್ದಗಳಿರುವ ಪ್ರತಿಯನ್ನು ಸಾರ್ವಜನಿಕರಿಗೆ ನೀಡುವ ಪದ್ಧತಿ ಇಲ್ಲ" ಎಂದು ನಿಮ್ಮ ಕಚೇರಿ ಉತ್ತರಿಸಿತು. ಮಗಳು ಸಾರ್ವಜನಿಕಳಾದದ್ದು ಯಾವಾಗ? ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೇಳಿದ್ದು ಸಿಗದ್ದರಿಂದ ಈಗ ಪತ್ರಿಕೆಯ ಮೂಲಕ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಮಾನಿ ಸೀಮೆಯಲ್ಲಿ ಹೆಣದ ಸುತ್ತ ಹೆಂಗಸರು ಕೂತು, ಸತ್ತವರ ಹೆಸರು ಹಿಡಿದು ಹಾಡಿ ಅಳುತ್ತಾರೆ. ಇದು ನಿಮ್ಮ ಗೋಡೆಯ ಮೇಲೆಯೂ ಅಂದವಾಗಿ ಬರೆದಿದೆ. ಹೆಣವಿಲ್ಲದೆ ಹಾಡಬಾರದು, ಹಾಡಿದರೆ ಸಾವನ್ನು ಮನೆಗೆ ಕರೆದಂತೆ ಎಂಬುದನ್ನು ಮಾತ್ರ ಬರೆದಿಲ್ಲ. ಅಮ್ಮ ಗರುಫಲ್ಯಾ ಅದನ್ನು ನಿಮ್ಮವರಿಗೆ ಹೇಳಿದ್ದಳು. ಕ್ಯಾಮೆರಾ ತಂದಿದ್ದ ಹುಡುಗಿ ಬಿಡಲಿಲ್ಲ. "ಅಜ್ಜಿ, ಮಕ್ಕಳಿಗೆ ನಮ್ಮ ಪರಂಪರೆ ಗೊತ್ತಾಗೋದು ಬೇಡ್ವಾ?" ಎಂದಳು. ಬೇಡ ಎನ್ನಲು ಯಾರಿಗೆ ಬಾಯಿ ಬರುತ್ತದೆ? ಕೊನೆಗೆ ಅಮ್ಮ ಹಳೆಯ ಸಾವೊಂದನ್ನು ಎತ್ತಿಕೊಂಡಳು. ಎಂದೋ ತೀರಿಕೊಂಡ ನನ್ನ ಅಪ್ಪನ ಹೆಸರು ಹಿಡಿದು, ಲ್ಯಾಕೋಸ್ ಎಂದು ಕರೆದು ಹಾಡಿದಳು.

ನೀವು ಆ ಹೆಸರನ್ನು ತೆಗೆದು ಖಾಲಿ ಜಾಗ ಮಾಡಿದಿರಿ. ಸೃಜನಶೀಲ ಕಲಿಕೆಯಂತೆ! ಮಗು ಯಾವುದೋ ಹೆಸರು ಬರೆದು ಗುಂಡಿ ಒತ್ತಿದರೆ ಯಂತ್ರ ಅಮ್ಮನ ದನಿಯಲ್ಲೇ ಅದನ್ನು ಸೇರಿಸಿ ಅಳುತ್ತದೆ. ಮುಗಿದ ಮೇಲೆ ಗಂಟೆ ಬಾರಿಸಿ ಐದು ನಕ್ಷತ್ರ ಕೊಡುತ್ತದೆ. ಶಾಲೆಯ ಮಕ್ಕಳು ಗಣಿತದ ಮೇಷ್ಟ್ರ ಹೆಸರು ಹಾಕಿ ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಗುಂಡುಕಲ್ಲಿನ ಹಾಗಿದ್ದಾರೆ. ಮಕ್ಕಳ ಮೇಲೆ ನನಗೆ ದೂರಿಲ್ಲ. ಆದರೆ ನಕ್ಷತ್ರ ಯಾವುದಕ್ಕೆ, ಮಾನ್ಯರೇ? ದುಃಖಕ್ಕೋ, ಬೆರಳಿನ ಚುರುಕಿಗೋ?

ಅಮ್ಮ ಸತ್ತ ದಿನ ಹೆಂಗಸರು ಕೂತರು, ಯಾರೂ ಬಾಯಿ ತೆರೆಯಲಿಲ್ಲ. ಎಲ್ಲರಿಗೂ ಮೊದಲ ಸಾಲು ಎತ್ತಿಕೊಡುತ್ತಿದ್ದವಳೇ ನಡುವೆ ಮಲಗಿದ್ದಳು. ಅವಳ ತಂಗಿ ಮೆಟಾಕ್ಸ್ಯಾ ನನ್ನ ಪಕ್ಕೆ ತಿವಿದಳು.

"ಎತ್ತೇ, ಮಗಳಲ್ವೇನೇ ನೀನು?"

"ಬರ್ತಿಲ್ಲ ಚಿಕ್ಕಮ್ಮ."

"ಅಯ್ಯೋ ನಿನ್ನ! ಊರಿಗೆಲ್ಲಾ ಅತ್ತವಳಿಗೆ ಅಳೋಕೆ ಒಂದು ನರಪಿಳ್ಳೆ ಇಲ್ವಾ? ಇರು, ನನ್ನ ಫೋನಲ್ಲಿ ಅವಳೇ ಇದಾಳೆ."

ಚಿಕ್ಕಮ್ಮ ಅದೇ ಖಾಲಿ ಜಾಗವಿರುವ ನಿಮ್ಮ ಸಂಗ್ರಹಾಲಯದ ಆ್ಯಪ್ ತೆರೆದು ಗರುಫಲ್ಯಾ ಎಂದು ಬರೆದಳು. ಅಮ್ಮ ತನ್ನ ಹೆಣಕ್ಕೆ ತಾನೇ ಅಳತೊಡಗಿದಳು. ಹಾಡು ಅಪ್ಪನದಲ್ಲವೇ? "ಮೀಸೆ ತಿರುವುತ್ತಿದ್ದ ಗರುಫಲ್ಯಾ, ಬಂದೂಕು ಯಾರಿಗೆ ಬಿಟ್ಟು ಹೊರಟೆ?" ಯಾರೂ ನಗಲಿಲ್ಲ. ಎಲ್ಲರೂ ತಲೆ ತೂಗುತ್ತಾ ದನಿಗೂಡಿಸಿದರು. ಕೊನೆಗೆ ಫೋನು ಗಂಟೆ ಬಾರಿಸಿತು, ಪಾದ್ರಿ ಶಿಲುಬೆ ಗುರುತು ಹಾಕಿಕೊಂಡರು. ನನಗೆ ಏನೂ ಅನಿಸಲಿಲ್ಲ. ಕಾಲು ತಣ್ಣಗಾಗಿತ್ತು, ಅಷ್ಟೇ. ಇವತ್ತಿಗೂ ಏನೂ ಅನಿಸುತ್ತಿಲ್ಲ. ಊಟ ಮಾಡುತ್ತೇನೆ, ಬಟ್ಟೆ ಒಗೆಯುತ್ತೇನೆ, ಕರೆದವರಿಗೆ ಓಗೊಡುತ್ತೇನೆ.

ನಿಮ್ಮ ಅನಗತ್ಯ ಶಬ್ದ ಏನೆಂದು ನನಗೆ ಗೊತ್ತು. ಚಿತ್ರೀಕರಣದ ದಿನ ನಾನು ಒಳಗೆ ಒಲೆಯ ಮುಂದಿದ್ದೆ. ಅಳುತ್ತಿದ್ದ ಅಮ್ಮ ಸಾಲಿನ ನಡುವೆ ನಿಲ್ಲಿಸಿ ಕೂಗಿದಳು: "ಲೇ ಸ್ತಮಾತಾ, ಕಾಫಿ ಉಕ್ತಿದೆ ನೋಡೇ! ಎಲ್ಲಿಟ್ಟಿದೀಯ ಜ್ಞಾನಾನಾ?" ಆಮೇಲೆ ಬಿಟ್ಟಲ್ಲಿಂದಲೇ ಅಳು ಮುಂದುವರಿಸಿದಳು. ನೀವು ಕತ್ತರಿಸಿದ್ದು ಅದನ್ನೇ.

ಮೊನ್ನೆ ನಿಮ್ಮಲ್ಲಿಗೆ ಬಂದು, ಆ ಖಾಲಿ ಜಾಗದಲ್ಲಿ ನನ್ನ ಹೆಸರು ಬರೆದೆ. ಅವಳ ಬಾಯಲ್ಲಿ ನನ್ನ ಹೆಸರು ಕೇಳಿದರೆ ಸಾಕೆನಿಸಿತ್ತು. ಅಮ್ಮ ನನ್ನನ್ನು ಕರೆದಳು, ಸತ್ತವಳನ್ನು ಕರೆದ ಹಾಗೆ.

ಅಮ್ಮನ ನಲವತ್ತನೆಯ ದಿನದ ಸ್ಮರಣೆಗೆ ಹಂಚುವ ಗೋಧಿ ಬೇಯಿಸುವ ಮುಂಚೆ ಆ ಖಾಲಿ ಜಾಗಕ್ಕೆ ನನ್ನ ಅಪ್ಪನ ಹೆಸರನ್ನು ವಾಪಸು ಇಡಿ. ಕತ್ತರಿಸಿದ ಚೂರು ನನಗೆ ಕೊಡಿ. ಬದುಕಿರುವ ನನ್ನನ್ನು ಹೆಸರು ಹಿಡಿದು ಅಮ್ಮ ಬೈದಿರುವುದು ಅದೊಂದರಲ್ಲೇ.

ಇಂತಿ,
ಇನ್ನೂ ಅಳದ ಮಗಳು,
ಸ್ತಮಾತಾ