ಅತ್ತೆಯ ಹೆಸರು

೬ ಡಿಸೆಂಬರ್ ೧೯೫೯, ಕುಮಟಾ. ಮಧ್ಯಾಹ್ನ

ದೋಸೆಗೆ ನೆನೆಹಾಕಿ ಆಯಿತು. ಅತ್ತೆ ಮಲಗಿದ್ದಾರೆ. ಏಳನೆಯ ತಿಂಗಳು, ಬಗ್ಗಿದರೆ ಎದೆಗೆ ಒತ್ತುತ್ತದೆ. ಹೆಣ್ಣೇ ಆಗಬೇಕು. ಕ್ಯಾಲೆಂಡರಿನ ಹಿಂದೆ ಹೆಸರು ಬರೆದಿಡುತ್ತಿದ್ದೇನೆ. ಕಾತ್ಯಾಯನಿ, ಭದ್ರಕಾಳಿ, ಮಹಿಷಮರ್ದಿನಿ, ರಣಚಂಡಿ... ಸುಮತಿ, ಸುಶೀಲೆ ಎಲ್ಲ ಬೇಡ. ಕರೆದರೆ ಈ ಮನೆಯ ಹಂಚು ಅಲುಗಬೇಕು.

ನನಗೂ ಒಂದು ಹೆಸರಿತ್ತು. ಪ್ರಮೀಳೆ. ಸ್ತ್ರೀರಾಜ್ಯದ ರಾಣಿ, ಅರ್ಜುನನ ಕುದುರೆಯನ್ನೇ ಕಟ್ಟಿಹಾಕಿದವಳು. ಅಪ್ಪಯ್ಯ ಅವಳ ಯಕ್ಷಗಾನದ ಆಟ ನೋಡಿ ಮನೆಗೆ ಬಂದ ಬೆಳಿಗ್ಗೆ ನಾನು ಹುಟ್ಟಿದೆನಂತೆ. ಮದುವೆಯ ದಿನ ಅತ್ತೆ ಮುಖ ಸಿಂಡರಿಸಿದರು. “ಗಂಡಸ್ರ ಕುದ್ರೆ ಕಟ್ಟಿದವಳ ಹೆಸ್ರು ಎಂಗ್ಳ ಮನೆಗೆ ಬ್ಯಾಡ.” ಹರಿವಾಣದ ಅಕ್ಕಿಯ ಮೇಲೆ ಮಗನ ಕೈಯಿಂದ ಉಂಗುರದಲ್ಲಿ ಬರೆಸಿದರು — ಶ್ರೀಮತಿ. ಲಕೋಟೆಯ ಮೇಲೆ ಯಾವ ಹೆಂಗಸಿನ ಹೆಸರಿಗೂ ಮೊದಲು ಬರೆಯುವ ಶಬ್ದ!

೮ ಡಿಸೆಂಬರ್

ಬರೆಯದಿದ್ದರೆ ಹೊಟ್ಟೆಯುರಿ ಆರದು. ಈ ವೈಶಾಖದಲ್ಲಿ ಪೋಸ್ಟಿನ ಜಟ್ಟ ಒಂದು ಕಾಗದ ತಂದಿದ್ದ. ಮೇಲೆ ಅಪ್ಪಯ್ಯನ ಅಕ್ಷರ, ‘ಚಿ. ಪ್ರಮೀಳೆಗೆ’. ಅತ್ತೆ ಬಾಗಿಲಲ್ಲೇ ವಾಪಸು ಮಾಡಿದರು. “ಆ ಹೆಸ್ರಿನವು ಇಲ್ಲಿ ಯಾರೂ ಇಲ್ಲೆ.” ನಾನು ಬಾವಿಕಟ್ಟೆಯಲ್ಲಿದ್ದೆ, ಗೊತ್ತೇ ಆಗಲಿಲ್ಲ. ಹದಿನೈದು ದಿನದ ಮೇಲೆ ಅಣ್ಣ ಬಂದು ಹೇಳಿದ, ಅಪ್ಪಯ್ಯ ಕಾಯಿಲೆ ಬಿದ್ದು ನನ್ನನ್ನು ಬರಹೇಳಿದ್ದರು, ಕಾಗದ ತಿರುಗಿ ಬಂತು, ಅಪ್ಪಯ್ಯ ತೀರಿಕೊಂಡರು ಎಂದು. ತವರಿಗೆ, ಮುಟ್ಟಳ್ಳಿಗೆ ಓಡಿದೆ. ಚಿತೆಯ ಬೂದಿಯೂ ಆರಿತ್ತು.

ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಹೇಳಬಾರದು. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದಂತೆ. ಬರೆಯಲು ಅಡ್ಡಿಯಿಲ್ಲ. ಪರಮೇಶ್ವರಿ. ಪರಮೇಶ್ವರಿ. ಪರಮೇಶ್ವರಿ.

೨ ಮಾರ್ಚ್ ೧೯೬೦, ಮುಟ್ಟಳ್ಳಿ

ಹೆಣ್ಣು! ಇವತ್ತು ಹನ್ನೆರಡನೇ ದಿನ, ನಾಮಕರಣ. ಅತ್ತೆ, ಇವರು ಇಬ್ಬರೂ ಹೊನ್ನಾವರದಲ್ಲಿ ಲಾಂಚ್ ಹತ್ತಿ ಹೊಳೆ ದಾಟಿ ಬಂದಿದ್ದರು. ರಣಚಂಡಿ ಎಂದು ನಾನು ಗಟ್ಟಿ ಮಾಡಿಕೊಂಡಿದ್ದೆ. ಯಾರು ಕೇಳಬೇಕು? “ಮೊದ್ಲ ಮೊಮ್ಮಗಳು. ಎನ್ನ ಹೆಸ್ರೇ ಇಡವು” ಎಂದರು ಅತ್ತೆ. ಇವರು ತಲೆಯಾಡಿಸಿದರು. ಇವರಿಗೆ ಬರುವ ಕಸರತ್ತು ಅದೊಂದೇ. ಮಗುವಿನ ಕಿವಿಯಲ್ಲಿ ಮೂರು ಸಲ ಹೇಳಿಯೂ ಆಯಿತು — ಪರಮೇಶ್ವರಿ. ಹೊರಡುವಾಗ ನನಗೆ ಅಪ್ಪಣೆ. “ನೀನು ಪುಟ್ಟಿ ಹೇಳಿ ಕರಿ. ಹೆಸ್ರು ಹಿಡಿದು ಕರೆಯಡ.”

ಕೋಣೆಯಲ್ಲಿ ಸೆರಗು ಕಚ್ಚಿಕೊಂಡು ಅತ್ತುಬಿಟ್ಟೆ.

೩ ಮಾರ್ಚ್

ಅಳು ನಿಂತಿತು. ಎಂಥ ದಡ್ಡಿ ನಾನು! ಅವರೇ ಕೈಗೆ ಕತ್ತಿ ಕೊಟ್ಟು ಹೋಗಿದ್ದಾರೆ.

೧೪ ಜೂನ್ ೧೯೬೦, ಕುಮಟಾ

ಇವತ್ತು ಶುರು. ಅತ್ತೆ ಜಗಲಿಯಲ್ಲಿ ಪಕ್ಕದ ಮನೆಯವರೊಂದಿಗೆ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ಮಗು ರಚ್ಚೆ ಹಿಡಿಯಿತು. ಒಳಗಿನಿಂದ ಗಟ್ಟಿಯಾಗಿ ಕೂಗಿದೆ.

“ಪರಮೇಶ್ವರೀ, ಬಾಯಿ ಮುಚ್ತ್ಯಾ ಇಲ್ಯಾ?”

ಅತ್ತೆ ಒಳಗೆ ಬಂದರು. “ಎಂತ ಹೇಳಿದೆ ನೀನು?”

“ಮಗೂಗೆ ಹೇಳಿದ್ದು, ಅತ್ತೆ. ಅದ್ರ ಹೆಸ್ರು ಅದೇ ಅಲ್ದಾ?”

ಇವರ ಮುಂದೆ ದೂರು ಹೋಯಿತು. ಇವರು ಅಮ್ಮನಿಗೂ ತಲೆಯಾಡಿಸಿದರು, ನನಗೂ ತಲೆಯಾಡಿಸಿದರು. ಮದುವೆಯಾದ ಮೇಲೆ ಉಂಡ ಅನ್ನ ಮೈಗೆ ಹತ್ತಿದ್ದು ಇವತ್ತೇ.

೯ ನವೆಂಬರ್ ೧೯೬೧

“ಪರಮೇಶ್ವರೀ, ಎಷ್ಟು ತಿಂದ್ರೂ ನಿನ್ನ ಹೊಟ್ಟೆ ತುಂಬ್ತಿಲ್ಯಾ?” ಅತ್ತೆ ಪಕ್ಕದಲ್ಲೇ ಊಟಕ್ಕೆ ಕೂತಿದ್ದರು. ಅರ್ಧಕ್ಕೇ ಕೈ ತೊಳೆದರು. ಕೆಲಸದ ಗಂಗೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾಚಿಕೆಗೆಟ್ಟವಳು, ಸೋಮಾರಿ, ಹಟಮಾರಿ — ಎಲ್ಲದರ ಹಿಂದೆ ಆ ಹೆಸರು. ಮುದ್ದು ಮಾಡುವಾಗ ಮಾತ್ರ ಪುಟ್ಟಿ. ಹೆಸರು ಬೈಗುಳಕ್ಕೇ ಮೀಸಲು.

೨೦ ಏಪ್ರಿಲ್ ೧೯೬೩

ಹುಡುಗಿ ಈಗೀಗ ಗಲಾಟೆಯನ್ನೇ ಮಾಡುವುದಿಲ್ಲ. ಮೂಲೆ ಹಿಡಿದು ತನ್ನಷ್ಟಕ್ಕೆ ಆಡುತ್ತಾಳೆ. ಬೈಯಲು ಏನಾದರೂ ಸಿಗಬೇಕಲ್ಲ? ಇವತ್ತು ಸುಮ್ಮನೇ ಬೈದೆ. ಅತ್ತೆ ಹೂ ಕಟ್ಟುತ್ತಿದ್ದರು, ಅದಕ್ಕೆ. ಗಂಗೆ ಈ ಸಲ ನಗಲಿಲ್ಲ. “ಅದಕ್ಕೆ ಎಂತಕ್ಕೆ ಬೈತ್ರಿ ಅಮ್ಮಾ? ಅದು ಎಂತ ಮಾಡ್ತು?”

ನಿನಗೆ ಗೊತ್ತಾಗದು, ಪಾತ್ರೆ ತೊಳಿ ಎಂದೆ.

೬ ಜೂನ್ ೧೯೬೫. ಭಾನುವಾರ

ಗೆದ್ದೆ! ನಾಳೆ ಪುಟ್ಟಿಯನ್ನು ಶಾಲೆಗೆ ಸೇರಿಸಬೇಕು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. ಕೂದಲೆಲ್ಲ ಬೆಳ್ಳಗಾಗಿದೆ, ಈಗ ನೋಡಿದೆ.

“ನಿನ್ನ ಅಪ್ಪಯ್ಯನ ಕಾಗ್ದ ಆನು ತಿರುಗ್ಸಿದ್ದು ತಪ್ಪೇ. ಶಾಲೆಲ್ಲಿ ಬೇರೆ ಹೆಸ್ರು ಬರೆಸು. ನಿಂಗೆ ಬೇಕಾದ್ದು. ಎನ್ನ ಹೆಸ್ರು ಕೇಳಿದ್ರೆ ಎಂಗೇ ಹೇಸಿಗೆ ಬತ್ತು.”

ಆರು ವರ್ಷ ಕಾದದ್ದು ಈ ಮಾತಿಗೆ. ಮರುಕ ಬರಲಿಲ್ಲ, ಸುಳ್ಳು ಯಾಕೆ ಬರೆಯಲಿ? ಮೈಯೆಲ್ಲ ಹಗುರ. ಮೊದಲು ಆರಿಸಿದ್ದ ಯಾವ ಹೆಸರೂ ಈಗ ಸಾಲದು. ಹೊಸದೇ ಹೊಳೆಯಿತು. ಅಪರಾಜಿತೆ. ಯಾರಿಗೂ ಸೋಲದ ದೇವಿ.

೭ ಜೂನ್. ಸಂಜೆ

ಅಡ್ಮಿಶನ್ ಆಯಿತು. ಮಾಸ್ತರರು ಹೆಸರು ಬರೆದುಕೊಂಡು, “ದೊಡ್ಡ ಹೆಸ್ರಾತು ತಂಗೀ, ಹೊತ್ಕೊಂಡು ನಡೂಕಾಗ್ತದ್ಯಾ?” ಎಂದು ನಕ್ಕರು. ಪುಟ್ಟಿ ನಗಲಿಲ್ಲ.

ಮನೆಗೆ ಬಂದು ಕೂಗಿದೆ, ಅತ್ತೆಗೂ ಕೇಳಲಿ ಎಂದು — ಅಪರಾಜಿತೇ! ಬರಲಿಲ್ಲ. ಮತ್ತೆ ಕೂಗಿದೆ. ಬಾಗಿಲ ಹಿಂದೆ ನಿಂತಿದ್ದಳು. ಎರಡೂ ಕೈ ಕಿವಿಯ ಮೇಲೆ. ಇನ್ನುಮೇಲೆ ನಿನ್ನ ಹೆಸರು ಇದೇ, ಪುಟ್ಟೀ, ಹೆದರಬೇಡ ಎಂದೆ. ಕಿವಿಯಿಂದ ಕೈ ತೆಗೆದು ಕೇಳಿದಳು.

“ಅಪರಾಜಿತೆ ಎಂತ ತಪ್ಪು ಮಾಡಿದ್ದು, ಆಯಿ?”

ಏನೂ ಇಲ್ಲ ಮಗಾ. ಅವಳು ಏನೂ ಮಾಡಿಲ್ಲ. ಮಾಡಿದ್ದೆಲ್ಲ ನಾನು.