ಸೌಮ್ಯ ಹುಡುಗ

ಶಿಕಾರಿಪುರ
೧೬ ಫೆಬ್ರವರಿ ೨೦೨೫

ಪ್ರೀತಿಯ ಸ್ಪಂದನ,

ನಿನ್ನ ನರ್ಸಿಂಗ್ ಪರೀಕ್ಷೆ ಮುಗಿಯಲಿ ಎಂದು ಕಾದೆ, ಅದಕ್ಕೇ ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಮಾತಾಡಿದರೆ ಇಲ್ಲಿ ಎಲ್ಲರಿಗೂ ಕೇಳುತ್ತದೆ. ಸೊರಬದಲ್ಲಿ ನಿನ್ನಪ್ಪ ಆರಾಮಾಗಿದ್ದಾರೆ. ನಾನಿನ್ನೂ ತವರಿನಲ್ಲೇ ಇದ್ದೇನೆ, ಅವ್ವ ಮತ್ತು ನಿನ್ನ ಪ್ರಸಾದ ಮಾವನ ಜೊತೆ.

ಪ್ರಸಾದ ರಾತ್ರಿಯ ಮಾತ್ರೆಯನ್ನು ತಾನೇ ನುಂಗಿ, ಬೆಳಿಗ್ಗೆ ಶಿರಾಳಕೊಪ್ಪದ ಬೀಜದ ಅಂಗಡಿಗೆ ಹೋಗಿಬರುತ್ತಿದ್ದುದು ನಿನಗೆ ಗೊತ್ತು. ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ನಿಂತಿದ್ದವು. ಅಂಗಡಿಯಲ್ಲಿ ರೈತರೊಡನೆ ನಗುತ್ತ ಚೌಕಾಸಿ ಮಾಡುವಷ್ಟು ಚೇತರಿಸಿಕೊಂಡಿದ್ದ. ಕುಬಟೂರಿಗೆ ಹೆಣ್ಣು ನೋಡಲು ಹೋಗುವುದೆಂದು ಗೊತ್ತಾದ ಮೇಲೆ ಅವ್ವನ ತಮ್ಮ ರಾಜಪ್ಪ ಬಂದು, "ಅಲ್ಲಿ ಏನಾರ ಹೆಚ್ಚುಕಮ್ಮಿ ಮಾತಾಡಿದ್ರೆ ಮಾನ ಹೋಗ್ತದೆ. ಇನ್ನೆರಡ್ ಗುಳಿಗೆ ಜಾಸ್ತಿ ಹಾಕಕ್ಕ, ತಣ್ಣಗೆ ಕುಂತ್ಕಂತಾನೆ" ಎಂದನಂತೆ. ಅವ್ವ ಪುಡಿ ಮಾಡಿ, ಕಹಿ ತಿಳಿಯದಿರಲೆಂದು ಇಂಗಿನ ಒಗ್ಗರಣೆ ಕೊಟ್ಟು ಮಜ್ಜಿಗೆಗೆ ಹಾಕಿದಳು. ಹೊರಡುವ ದಿನದವರೆಗೂ ಹಾಕಿದಳು. ನನಗೆ ಆಮೇಲೆ ತಿಳಿಯಿತು.

ಕುಬಟೂರಿನಲ್ಲಿ ಅವನು ಮರದ ಬೊಂಬೆಯ ಹಾಗೆ ಕೂತಿದ್ದ. ಕಣ್ಣು ಮಿಟುಕಿಸುವುದೂ ಅಪರೂಪ. ಹುಡುಗಿ ಶರಣ್ಯ ಕೊಟ್ಟ ಚಹಾ ಕೈನಡುಗಿ ಬಸಿಗೆ ಚೆಲ್ಲಿತು. ಬಾಯಂಚಿನಿಂದ ಜೊಲ್ಲು ಇಳಿಯಿತು. ರಾಜಪ್ಪ ತನ್ನ ಶಲ್ಯದಿಂದ ಅದನ್ನು ಒರೆಸಿ, ನಗುತ್ತ, "ನಮ್ ಹುಡ್ಗ ಬಾಳ ನಾಚ್ಕೆ ಸ್ವಭಾವ್ದೋನು ಕಣ್ರೀ" ಎಂದ.

ಹುಡುಗಿಯ ಅಪ್ಪ ಯಲ್ಲಪ್ಪನವರು, "ಈಗಿನ್ ಕಾಲ್ದಾಗೆ ಇಷ್ಟು ಸೌಮ್ಯ ಹುಡುಗ್ರು ಎಲ್ ಸಿಕ್ತಾರೆ ಬಿಡ್ರೀ" ಎಂದರು. ಎಲ್ಲರೂ ತಲೆದೂಗಿದರು. ನಾನು ಬಾಯಲ್ಲಿದ್ದ ಉಪ್ಪಿಟ್ಟಿನೊಂದಿಗೇ ಎದ್ದೆ. ಹಿತ್ತಲಿಗೆ ಹೋಗಿ ಉಗಿದೆ.

ವಾಪಸು ಬರುವಾಗ ಕಾರಿನಲ್ಲಿ ಅವನ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡಿತು. ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡವು. ಶಿರಾಳಕೊಪ್ಪದ ವೈದ್ಯೆಯೊಬ್ಬರು ಇಂಜೆಕ್ಷನ್ ಕೊಟ್ಟ ಮೇಲೆ ಕತ್ತು ನೇರವಾಯಿತು. ಮಿದುಳಿನಲ್ಲಿ ಸುದ್ದಿ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕವಿದೆಯಂತೆ. ಒಂದು ಕಡೆ ಅದರ ಆರ್ಭಟ ಹೆಚ್ಚಾದಾಗ ಇಲ್ಲದ ದನಿ, ಇಲ್ಲದ ಸಂಶಯ ಹುಟ್ಟುತ್ತವೆ. ಮಾತ್ರೆ ಅದು ಬಂದಿಳಿಯುವ ಜಾಗವನ್ನು ಮುಚ್ಚುತ್ತದೆ. ಆದರೆ ಕೈಕಾಲು ಸರಾಗವಾಗಿ ಆಡುವುದಕ್ಕೂ ಅದೇ ಬೇಕು. ಅಲ್ಲೂ ಮುಚ್ಚಿಹೋದರೆ ಮೈ ಬಿಗಿಯುತ್ತದೆ, ನಡುಗುತ್ತದೆ, ಮುಖದ ಭಾವ ಅಳಿಸಿಹೋಗುತ್ತದೆ. "ಮಾತ್ರೆ ಕೆಟ್ಟದ್ದಲ್ಲ. ದಿಢೀರಂತ ನಿಲ್ಲಿಸಿದ್ರೆ ಕಾಯಿಲೆ ಮರಳತ್ತೆ. ಆದ್ರೆ ಇವರಿಗೆ ಡೋಸ್ ಏರಿಸಿದ್ಯಾರು?" ಎಂದು ವೈದ್ಯೆ ಕೇಳಿದರು. ರಾಜಪ್ಪ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತ.

ಮನೆಗೆ ಬಂದು ಕೇಳಿದರೆ ಅವ್ವ, "ನಾನೇನ್ ವಿಷ ಹಾಕಿದ್ನೇನೆ? ಹೆತ್ತೋಳು ಕಣೆ" ಎಂದು ಅತ್ತಳು. ರಾಜಪ್ಪ, "ತಾಳಿ ಕಟ್ಟೋತಂಕ ಬಾಯ್ ಮುಚ್ಕಂಡಿರು" ಎಂದ. ಮರುದಿನ ನಾನೇ ಯಲ್ಲಪ್ಪನವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಮೊದ್ಲೇ ಹೇಳಿದ್ರೆ ಹುಡ್ಗಿನ ಒಂದ್ಮಾತು ಕೇಳ್ಬೋದಿತ್ತಲ್ಲಮ್ಮ" ಎಂದಷ್ಟೇ ಹೇಳಿ ಫೋನ್ ಇಟ್ಟರು. ಅಂದಿನಿಂದ ರಾಜಪ್ಪ ಈ ಮನೆಗೆ ಬಂದಿಲ್ಲ. ಅವನ ಶಲ್ಯ ಇಲ್ಲೇ ಗೂಟಕ್ಕೆ ನೇತಾಡುತ್ತಿದೆ, ಮುಟ್ಟಲು ಅಸಹ್ಯ.

ಹೊತ್ತುಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಮ್ಮ,
ಗಂಗಾಶ್ರೀ

ಮರೆತಿದ್ದೆ ಎಂದು ಬರೆಯಲಾರೆ, ಬರೆಯಲು ಕೈ ಬಂದಿರಲಿಲ್ಲ: ಕಾಯಿಲೆ ಶುರುವಾದಾಗ ಪ್ರಸಾದ, ಊಟದಲ್ಲಿ ಯಾರೋ ಏನೋ ಬೆರೆಸುತ್ತಾರೆಂದು ತಟ್ಟೆ ದೂಡುತ್ತಿದ್ದನಲ್ಲ. ಅದು ನಿಜವಲ್ಲವೆಂದು ಒಪ್ಪಲು ಅವನಿಗೆ ವರ್ಷಗಳೇ ಹಿಡಿದವು. ಮಜ್ಜಿಗೆಯ ವಿಷಯ ಕಿವಿಗೆ ಬಿದ್ದ ಮೇಲೆ, ಈಗ ಅವ್ವ ಮುಟ್ಟಿದ್ದನ್ನು ಉಣ್ಣುವುದಿಲ್ಲ, ತಾನೇ ಸುಲಿದ ಬಾಳೆಹಣ್ಣು ಮಾತ್ರ. ಮಾತ್ರೆಯನ್ನೂ ಬಿಟ್ಟಿದ್ದಾನೆ. ಇವತ್ತು ನಾನು ನೀರು ಕೊಟ್ಟರೆ, "ಅಕ್ಕ, ನೀನೊಂದ್ ಗುಟುಕು ಕುಡಿ ಮೊದ್ಲು" ಎಂದ. ಕುಡಿದೆ. ಆಮೇಲೆ ಮಾತ್ರೆ ಹಿಡಿದು ಕೈ ಚಾಚಿದೆ. ಅದನ್ನೇ ನೋಡುತ್ತ, "ಇದ್ನೂ ನೀನೇ ನುಂಗು ಮೊದ್ಲು" ಎಂದ.